ಟೋಪಿ ಸಸಿಯೂ ದೇವೀರಮ್ಮನ ಸೊಸೆಯ ಹೊಟ್ಟೆನೋವೂ

ಮನುಷ್ಯನ ದೇಹದಲ್ಲಿ ಹೊಟ್ಟೆಯಷ್ಟು ಗಹನವಾದ ಭಾಗ ಇನ್ನೊಂದಿಲ್ಲ. ಅನ್ನ, ಆಸೆ, ಸಂಕಟ, ಸಂತಾನ ಎಲ್ಲಕ್ಕೂ ಮೂಲ ಅದೇ. ಆದರೆ ಮೂವತ್ತು ಚಿಲ್ಲರೆ ವರ್ಷ ಸಕಲೇಶಪುರ, ಆಲೂರು ಸೀಮೆಯ ಹೊಟ್ಟೆಗಳನ್ನು ಒತ್ತಿ ನೋಡಿದವಳಾಗಿ ಹೇಳುತ್ತೇನೆ: ಅವುಗಳಲ್ಲಿ ಮುಕ್ಕಾಲು ಪಾಲಿನೊಳಗೆ ಇದ್ದದ್ದು ಹಲಸಿನ ಹಣ್ಣು.

ನಾನು ಆರೋಗ್ಯ ಇಲಾಖೆಯಲ್ಲಿ ಊರೂರು ಅಲೆಯುವ ನರ್ಸಮ್ಮನಾಗಿದ್ದೆ. ಈಗ ಅದೇ ಕೆಲಸಕ್ಕೆ ಸೇರುವ ನಿಮ್ಮಂಥ ಹುಡುಗಿಯರ ಹುದ್ದೆಗೆ ‘ಅಧಿಕಾರಿ’ ಎಂಬ ಬಾಲ ಬಂದಿದೆಯಂತೆ. ಸಂತೋಷ. ಆದರೆ ಜನ ನಿಮ್ಮನ್ನು ನರ್ಸಮ್ಮ ಎಂದೇ ಕರೆಯುತ್ತಾರೆ, ನಾಯಿ ಯಾವ ಹುದ್ದೆಯವರನ್ನೂ ಬಿಡುವುದಿಲ್ಲ, ಜಿಗಣೆಗಂತೂ ಅಧಿಕಾರಿಯ ರಕ್ತ ಬೇರೆ ರುಚಿಯೆಂದು ನಾನು ಕೇಳಿಲ್ಲ. ಹಾಗಾಗಿ ನನ್ನ ಅನುಭವ ನಿಮಗೆ ಉಪಯೋಗಕ್ಕೆ ಬಂದೀತು. ಬರದಿದ್ದರೆ ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಈಗ ಪೆನ್ಶನ್ ಬರುತ್ತಿದೆ.

ನನಗೆ ಕೆಲಸ ಕಲಿಸಿದವರು ಮೇಲ್ವಿಚಾರಕಿ ಫಿಲೋಮಿನಾ ಸಿಸ್ಟರ್. ಕೈಯಲ್ಲಿ ಕೊಡೆ, ಮುಖದಲ್ಲಿ ಗಂಟು. ಆ ಎರಡನ್ನೂ ಅವರು ಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ. ಸೇರಿದ ವಾರದಲ್ಲೇ ಹೇಳಿದ್ದರು: “ಹೊಟ್ಟೆನೋವು ಅಂತ ಕರೆದ ಕೂಡಲೇ ಹೊಟ್ಟೆ ಮುಟ್ಟಬೇಡ. ಮೊದಲು ಸುತ್ತ ಯಾರ್ಯಾರು ನಿಂತಿದ್ದಾರೆ ನೋಡು. ನೋವು ಅರ್ಧ ಅಲ್ಲಿ ಗೊತ್ತಾಗುತ್ತದೆ.”

ಇದೇನು ವೈದ್ಯವೋ ಜ್ಯೋತಿಷ್ಯವೋ ಎಂದುಕೊಂಡೆ. ಆಮೇಲೆ ಆನೇಮಹಲ್ ಹತ್ತಿರದ ಒಂದು ಎಸ್ಟೇಟಿನಿಂದ ಕರೆ ಬಂತು. ಅಲ್ಲಿಯ ರೈಟರಿಗೆ, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತನಿಗೆ, ತಡೆಯಲಾರದ ಹೊಟ್ಟೆನೋವು. ಒದ್ದಾಡುತ್ತಿದ್ದ. ನಾನು ಒತ್ತಿದೆ, ತಟ್ಟಿದೆ, ನಾಲಿಗೆ ನೋಡಿದೆ, ಏನೂ ತಿಳಿಯಲಿಲ್ಲ. ಸಿಸ್ಟರ್ ಮಾತು ನೆನಪಾಗಿ ತಲೆ ಎತ್ತಿದರೆ ಬಾಗಿಲಲ್ಲಿ ಎಸ್ಟೇಟಿನ ಮಾಲೀಕರು ನಿಂತಿದ್ದಾರೆ. ತೋಟ ನೋಡಲು ಅಪರೂಪಕ್ಕೆ ಬಂದವರು. ಅವರ ಕಾರು ಗೇಟು ದಾಟಿದ ಮೇಲೆ ರೈಟರ್ ಎದ್ದು ಕೂತು ಕಾಫಿ ಕೇಳಿದ. ಮುಂದಿನ ವರ್ಷ ಮಾಲೀಕರು ಬಂದಾಗಲೂ ಅವನಿಗೆ ಅದೇ ನೋವು, ಅದೇ ಜಾಗದಲ್ಲಿ ಬಂತು. ಕಾಯಿಲೆಗಳಲ್ಲಿ ಇಷ್ಟೊಂದು ಶಿಸ್ತು ನಾನು ಮತ್ತೆ ಕಂಡಿಲ್ಲ.

ಆ ಕಾಲದಲ್ಲಿ ನಮ್ಮ ಮುಖ್ಯ ಕೆಲಸ, ಹುಟ್ಟುವ ಮಕ್ಕಳನ್ನು ತಡೆಯುವುದು. ಎರಡು ಮಕ್ಕಳಾದ ಹೆಂಗಸು ಕಂಡರೆ ಸಾಕು, ಆಪರೇಷನ್ನಿಗೆ ಬಾ ಎಂದು ಬೆನ್ನು ಹತ್ತಬೇಕು. ನಮ್ಮನ್ನು ದೂರದಿಂದ ಕಂಡರೆ ತೋಟದ ಆಳುಗಳ ಲೈನ್ ಮನೆಗಳ ಹೆಂಗಸರೆಲ್ಲ ಕಾಫಿ ಗಿಡದ ಸಾಲಿನೊಳಗೆ ಮಾಯ. ಹುಲಿಯನ್ನು ಕಂಡರೂ ಹಾಗೆ ಓಡುತ್ತಿರಲಿಲ್ಲವೇನೋ.

ಹೆಗ್ಗದ್ದೆ ಕಡೆಯ ದೇವೀರಮ್ಮ ಸಿಕ್ಕಿದ್ದು ಆಗಲೇ. ಸಣ್ಣ ಕಾಫಿ ತೋಟದವರು. ಎರಡು ಹೆಣ್ಣು ಮಕ್ಕಳಾಗಿದ್ದವು. ನಾನು ಅಂಗಳಕ್ಕೆ ಕಾಲಿಟ್ಟೆ, ದೇವೀರಮ್ಮ ಹಿತ್ತಲ ಬಾಗಿಲಿಂದ ಇಳಿದು ಕಾಫಿ ಸ್ಟೋರಿನೊಳಗೆ ಮೂಟೆಗಳ ಹಿಂದೆ ಅಡಗಿ ಕೂತಳು. ಅಲ್ಲಿದ್ದಾಳೆಂದು ಗೊತ್ತಿತ್ತು, ಒಳಗಿಂದ ಸೀನು ಕೇಳಿಸುತ್ತಿತ್ತು. ಆದರೂ ನಾನು ಬಾಗಿಲು ತಟ್ಟಲಿಲ್ಲ. ಇಲಾಖೆಯ ದೃಷ್ಟಿಯಲ್ಲಿ ಅದು ಕರ್ತವ್ಯಲೋಪ, ದೇವೀರಮ್ಮನ ದೃಷ್ಟಿಯಲ್ಲಿ ದೇವರ ದಯೆ. ವಾಸ್ತವವಾಗಿ ಊಟದ ಹೊತ್ತಾಗಿತ್ತು.

ಆಮೇಲೆ ಅವಳಿಗೆ ಲೋಕೇಶ ಹುಟ್ಟಿದ. ಅಲ್ಲಿಂದಾಚೆ ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಲ್ಲಿ ಸಿಕ್ಕರೂ ದೇವೀರಮ್ಮ ಮಗನನ್ನು ಮುಂದಕ್ಕೆ ತಳ್ಳಿ ಪರಿಚಯ ಮಾಡಿಸುತ್ತಿದ್ದಳು: “ಇವ್ನೇ ಕಣಮ್ಮ, ನೀನು ಬ್ಯಾಡ ಅಂದವ್ನು.” ಅವನು ಹೈಸ್ಕೂಲು ಮುಗಿಸಿದಾಗಲೂ, ಮದುವೆಯಾದಾಗಲೂ ಅದೇ ಪರಿಚಯ. ಮದುವೆಯ ದಿನ ಆ ಮಾತಿನ ಮುಂದೆ ನನ್ನ ಉಡುಗೊರೆಯ ಸ್ಟೀಲ್ ಡಬ್ಬಿ ತೀರ ಸಣ್ಣದಾಗಿ ಕಂಡಿತು.

ವರ್ಷಗಳು ಕಳೆದಂತೆ ಕೆಲಸದ ರೀತಿಯೆಲ್ಲ ಬದಲಾಯಿತು. ಸ್ಟವ್ ಮೇಲೆ ಸೂಜಿ ಕುದಿಸುವುದು ನಿಂತಿತು. ದಾರಿಯಲ್ಲಿ ಆನೆ ನಿಂತಿದೆಯೆಂಬ ಸುದ್ದಿ ಮೊದಲು ಓಡಿ ಬಂದವರ ಬಾಯಲ್ಲಿ ಬರುತ್ತಿತ್ತು, ಈಗ ಮೊಬೈಲಿನಲ್ಲಿ ಬರತೊಡಗಿತು. ಓಡುವುದು ಮಾತ್ರ ನಾವೇ. ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ, ಮಕ್ಕಳು ಬೇಡವೆಂದು ನಾನು ಬೆನ್ನು ಹತ್ತಿದ್ದ ಮನೆಗಳಿಂದಲೇ ಸೊಸೆಯಂದಿರು ಬಂದು, “ಸಿಸ್ಟರ್, ಮಕ್ಕಳಾಗಕ್ಕೆ ಯಾವ ಡಾಕ್ಟರು ಒಳ್ಳೇವ್ರು?” ಎಂದು ಗುಟ್ಟಾಗಿ ಕೇಳತೊಡಗಿದರು. ಹಾಗೆ ಕೇಳಿದವರಲ್ಲಿ ಲೋಕೇಶನ ಹೆಂಡತಿ ಪವಿತ್ರಳೂ ಒಬ್ಬಳು.

ಅವಳು ಹಾಸನದ ಒಂದು ಆಸ್ಪತ್ರೆಯಲ್ಲಿ ಐವಿಎಫ್ ಮಾಡಿಸಿಕೊಳ್ಳುತ್ತಿದ್ದಳು. ಗಂಡ ಹೆಂಡಿರ ಬೀಜಗಳನ್ನು ಲ್ಯಾಬಿನಲ್ಲಿ ಕೂಡಿಸಿ, ಭ್ರೂಣ ಬೆಳೆದ ಮೇಲೆ ಸಣ್ಣ ಕೊಳವೆಯಿಂದ ಗರ್ಭಕೋಶದೊಳಗೆ ಬಿಡುವ ಪದ್ಧತಿ. ಮೊದಲು ಇಟ್ಟ ಭ್ರೂಣಗಳು ನಿಂತಿರಲಿಲ್ಲ. ಶೀತಲ ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಒಂದೇ ಒಂದು. “ಇದೇ ಕೊನೆ ಸಿಸ್ಟರ್. ಇನ್ನೊಂದ್ಸಲ ಆ ಇಂಜೆಕ್ಷನ್ನು, ಆ ಕಾಯೋದು ನನ್ ಕೈಲಾಗಲ್ಲ,” ಎಂದು ಹೋಗುವ ಮುಂಚೆ ನನ್ನ ಹತ್ತಿರ ಹೇಳಿದ್ದಳು. ನಗುತ್ತಲೇ ಹೇಳಿದಳು. ಅದಕ್ಕೇ ನನ್ನ ಮನಸ್ಸಿನಲ್ಲಿ ಉಳಿಯಿತು.

ಆ ಭ್ರೂಣ ಇಡಿಸಿಕೊಂಡು ಬಂದು ಕೆಲವು ದಿನಗಳಾಗಿದ್ದವು. ಫಲ ತಿಳಿಯುವ ರಕ್ತಪರೀಕ್ಷೆ ಇನ್ನೂ ದೂರವಿತ್ತು. ಒಂದು ಬೆಳಗ್ಗೆ ಸಕಲೇಶಪುರದ ಜೀಪಿನ ರಫೀಕ್ ಆರೋಗ್ಯ ಕೇಂದ್ರದ ಮುಂದೆ ಬಂದು ನಿಂತ.

“ಸಿಸ್ಟರ್, ಲೋಕೇಶಣ್ಣ ಕಳ್ಸವ್ರೆ. ಪವಿತ್ರಮ್ಮಂಗೆ ಹೊಟ್ಟೆ ಕೆಳ್ಗಡೆ ನೋವಂತೆ. ದೇವೀರಮ್ಮಾರು ‘ಹೋಗ್ಬುಡ್ತು, ಹೋಗ್ಬುಡ್ತು’ ಅಂತ ಅಳ್ತಾ ಕೂತವ್ರೆ. ಬೇಗ ಬರ್ಬೇಕಂತೆ.”

“ಹಾಸನಕ್ಕೇ ಕರ್ಕೊಂಡು ಹೋಗಬಹುದಿತ್ತಲ್ಲೋ?”

“ಅಯ್ಯೋ, ಜೀಪು ಹತ್ಸಕ್ಕೆ ದೇವೀರಮ್ಮಾರು ಬುಡಲ್ಲ. ಅಲ್ಲಾಡ್ತದಂತೆ! ಆವತ್ತು ಹಾಸನದಿಂದ ಕರ್ಕಂಡು ಬಂದಿದ್ದು ನಾನೇ ಕಣ್ರೀ. ಹಿಂದೆ ಹಾಸ್ಗೆ, ಹಾಸ್ಗೆ ಮ್ಯಾಲೆ ಪವಿತ್ರಮ್ಮ. ‘ರಫೀಕಾ, ಎಣ್ಣೆ ತುಂಬಿದ್ ದೀಪ ಹೊತ್ಕಂಡು ಹೋಗ್ತಿದೀನಿ ಅನ್ಕಂಡು ಓಡ್ಸು’ ಅಂದ್ರು. ನಾನು ಫಸ್ಟ್ ಗೇರು ಬುಟ್ಟು ಮ್ಯಾಕೆ ಹೋಗ್ಲಿಲ್ಲ. ಹಿಂದೆ ಲಾರಿಗಳ ಸಾಲು. ಆನೇಮಹಲ್ ಹತ್ರ ಹೋಟ್ಲಿನವ್ರೆಲ್ಲ ಎದ್ದು ನಿಂತು ಕೈ ಮುಗಿದ್ರು. ಹೆಣ ಅನ್ಕಂಡ್ರು! ಪವಿತ್ರಮ್ಮ ಮಲ್ಗಿದ್ ಕಡೆಯಿಂದ್ಲೇ ವಾಪಸ್ ಕೈ ಮುಗಿದ್ರು. ಅದ್ ನೋಡಿ ಒಬ್ಬ ಟೀ ಲೋಟ ಎತ್ತಾಕ್ಬುಟ್ಟ.”

ನಾನು ನಗಬಾರದೆಂದು ಮುಖ ಗಂಟು ಹಾಕಿಕೊಂಡೆ. ಫಿಲೋಮಿನಾ ಸಿಸ್ಟರ್ ಸದಾ ಹಾಗೇಕೆ ಇರುತ್ತಿದ್ದರೆಂದು ಆಗ ಹೊಳೆಯಿತು.

ಇಲ್ಲಿ ದೇವೀರಮ್ಮನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳು ಮೂಢಳಲ್ಲ. ಕಾಫಿ ಸಸಿ ಎಬ್ಬಿಸುವುದರಲ್ಲಿ ಆ ಸುತ್ತಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಮಡಿಯಲ್ಲಿ ಬಿತ್ತಿದ ಕಾಫಿ ಬೀಜ ಮೊಳೆಯುವಾಗ ತನ್ನ ಸಿಪ್ಪೆಯನ್ನೇ ತಲೆ ಮೇಲೆ ಹೊತ್ತುಕೊಂಡು ಏಳುತ್ತದೆ. ಅದಕ್ಕೆ ಟೋಪಿ ಸಸಿ ಎನ್ನುತ್ತಾರೆ. ಆ ಎಳೆಯದನ್ನು ಕಿತ್ತು, ಮಣ್ಣು ತುಂಬಿದ ಪ್ಲಾಸ್ಟಿಕ್ ಕವರಿಗೆ ಇಳಿಸಿ, ಚಪ್ಪರದ ನೆರಳಲ್ಲಿಡಬೇಕು. ಅವಳು ಇಳಿಸಿದ ಸಸಿ ಸತ್ತದ್ದೆಂದರೆ ಊರಿಗೆ ಸುದ್ದಿ. ದೊಡ್ಡ ಎಸ್ಟೇಟಿನವರೂ ಬಂದು ಕೇಳಿಕೊಂಡು ಹೋಗುತ್ತಿದ್ದರು. ಹಾಸನದ ಡಾಕ್ಟರು ಕಂಪ್ಯೂಟರಿನಲ್ಲಿ ಭ್ರೂಣದ ಚಿತ್ರ ತೋರಿಸಿ, “ಇದನ್ನು ಒಳಗೆ ಇಡುತ್ತೇವೆ” ಎಂದಾಗ ದೇವೀರಮ್ಮ ನಿಟ್ಟುಸಿರು ಬಿಟ್ಟು, “ಓ, ಟೋಪಿ ಸಸಿ ಇಳ್ಸೋದು. ಇನ್ನು ನನಗ್ ಬುಡಿ,” ಎಂದಿದ್ದಳಂತೆ. ಡಾಕ್ಟರಿಗೆ ಅದರ ಅರ್ಥ ಆಗಲಿಲ್ಲ. ಆಗಿದ್ದರೆ ಅಲ್ಲೇ ತಡೆಯುತ್ತಿದ್ದರು.

ಮನೆ ಮುಟ್ಟಿದಾಗ ಅಂಗಳದಲ್ಲಿ ಲೋಕೇಶ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. “ಹೋಗಿದ್ರೆ ಹೋಗೈತೆ ಅಂತ ನೇರವಾಗ್ ಹೇಳ್ಬುಡಿ ಸಿಸ್ಟರ್. ಅವಳಿಗೆ ನಾನು ಹೇಳ್ತೀನಿ. ಅವ್ವನ ಬಾಯಿಂದ ಬ್ಯಾಡ,” ಎಂದ.

ಒಳಗೆ ಹೋದೆ. ಫಿಲೋಮಿನಾ ಸಿಸ್ಟರ್ ಹೇಳಿದಂತೆ ಹೊಟ್ಟೆ ಮುಟ್ಟದೆ ಮೊದಲು ಸುತ್ತ ನೋಡಿದೆ.

ಕಿಟಕಿಗಳಿಗೆ ಹಸಿರು ನೆರಳು ಬಲೆ ಕಟ್ಟಿತ್ತು, ಕಾಫಿ ಸಸಿಗಳ ನರ್ಸರಿಯದೇ. ಮಂಚದ ಕಾಲ್ದೆಸೆಯ ಎರಡು ಕಾಲಿಗೆ ಇಟ್ಟಿಗೆ ಪೇರಿಸಿ ಎತ್ತರ ಮಾಡಿದ್ದರು. ಪವಿತ್ರಳ ಪಾದ ಮೇಲೆ, ತಲೆ ಕೆಳಗೆ. ಇಳಿಜಾರಿನ ತೋಟದ ಹಾಗೆ ಮಲಗಿದ್ದಳು. ಪಕ್ಕದಲ್ಲಿ ಕೆತ್ತಿ ಕುಡಿಸಿದ ಎಳನೀರಿನ ಬುರುಡೆಗಳ ರಾಶಿ. ಮಂಚದ ಕೆಳಗೆ ಯಾರ ಮನೆಯಿಂದಲೋ ಎರವಲು ತಂದ ಬೆಡ್‌ಪ್ಯಾನು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ತಲೆಯ ಹತ್ತಿರ ಕಾವಲಿಗೆ ದೇವೀರಮ್ಮ.

ನನ್ನನ್ನು ಕಂಡು ಅವಳ ಅಳು ಅರ್ಧಕ್ಕೆ ನಿಂತಿತು. “ಯಾರ್ ಕರ್ಸಿದ್ದು ಇವಳ್ನ? ಲೋಕೇಶ! ನಿನ್ನೇ ಬ್ಯಾಡ ಅಂದವ್ಳು ಕಣೋ ಇವ್ಳು, ನಿನ್ ಮಗೀಗ್ ಬೇಕು ಅಂತಾಳಾ?”

“ದೇವೀರಮ್ಮಾರೇ, ಇಲಾಖೆಯವರು ಈಗ ಆ ಕೆಲಸ ಅಷ್ಟಾಗಿ ಹೇಳ್ತಿಲ್ಲ. ಸ್ವಲ್ಪ ಆಚೆ ಹೋಗಿ, ನಾನು ನೋಡ್ತೀನಿ.”

“ನಾನ್ ಎದ್ದೋಗಲ್ಲ. ನೋಡೋದಿದ್ರೆ ನನ್ ಮುಂದೆ ನೋಡು.”

ನಾನು ಪವಿತ್ರಳನ್ನು ಕೇಳಿದೆ: ಜ್ವರ ಇದೆಯಾ? ಇಲ್ಲ. ರಕ್ತ ಹೋಗಿದೆಯಾ? ಇಲ್ಲ. ವಾಂತಿ, ಉಬ್ಬಸ, ತಲೆಸುತ್ತು? ಇಲ್ಲ. ಒಂದಕ್ಕೆ ಸರಿಯಾಗಿ ಹೋಗ್ತಿದೆಯಾ? ಈ ಪ್ರಶ್ನೆಗೆ ಅವಳು ಕಣ್ಣನ್ನು ಮಾತ್ರ ಮೇಲಕ್ಕೆ, ಅತ್ತೆಯ ಕಡೆಗೆ ತಿರುಗಿಸಿ ಮತ್ತೆ ನನ್ನನ್ನು ನೋಡಿದಳು. ರೈಟರ್ ನೆನಪಾದ. ನಾನು ಬಾಗಿಲಲ್ಲಿದ್ದ ಲೋಕೇಶನಿಗೆ ಹುಬ್ಬು ಹಾರಿಸಿದೆ. ಅವನು ಚುರುಕಿನ ಹುಡುಗ. ಬೇಡವೆಂದಿದ್ದು ತಪ್ಪೇ ಅನ್ನಿಸುವಷ್ಟು ಚುರುಕು.

“ಅವ್ವಾ! ನರ್ಸರಿಗೆ ದನ ನುಗ್ಗೈತೆ!”

ದೇವೀರಮ್ಮ ಎದ್ದು ಓಡಿದ ರಭಸಕ್ಕೆ ಎಳನೀರಿನ ಬುರುಡೆಗಳು ಕೋಣೆಯ ತುಂಬ ಉರುಳಿದವು. ಆ ವಯಸ್ಸಿನಲ್ಲಿ ಆ ಓಟ! ಹಿಂದೆ ಕಾಫಿ ಸ್ಟೋರಿಗೆ ಓಡಿದ್ದೂ ಹೀಗೇ.

ಬಾಗಿಲು ಹಾಕಿದೆ. ಪವಿತ್ರ ಪಿಸುಗುಟ್ಟಿದಳು: “ರಾತ್ರಿಯಿಂದ ಹೋಗಿಲ್ಲ ಸಿಸ್ಟರ್. ಬಚ್ಚಲಿಗೆ ಕಳಿಸಲ್ಲ. ಈ ತಟ್ಟೆ ಇಡ್ತಾರೆ, ಎದುರಿಗೇ ಕೂತ್ಕೋತಾರೆ. ಬರೋದೂ ನಿಂತೋಗ್ತದೆ. ಎರಡಕ್ಕಂತೂ ಹಾಸನದಿಂದ ಬಂದಮೇಲೆ ಸರಿಯಾಗಿ ಆಗೇ ಇಲ್ಲ.”

“ಯಾಕಮ್ಮ ಹೀಗೆ?”

“ಅಲ್ಲಿ ಇಡೋ ಮುಂಚೆ, ಮೂತ್ರ ತುಂಬಿಸ್ಕೊಂಡು ಬನ್ನಿ ಅಂದಿದ್ರು. ಸ್ಕ್ಯಾನಲ್ಲಿ ಚೆನ್ನಾಗಿ ಕಾಣ್ತದಂತೆ. ಅತ್ತೆ ಅಂತಾರೆ, ಸಸಿ ಇಳಿಸೋ ಮುಂಚೆ ಕವರಿನ ಮಣ್ಣಿಗೆ ನೀರು ಹಾಕಿರ್ತೀವಿ, ಆ ನೀರೇ ಸಸೀನ ಹಿಡ್ಕೊಳ್ಳೋದು. ಈಗ ನೀರು ಹೊರಗೆ ಬಿಟ್ರೆ ಅದ್ರ ಜೊತೆ ಅದೂ ಬಂದ್ಬಿಡ್ತದೆ ಅಂತ. ಅತ್ತೆ ಹೇಳೋದು ಸುಳ್ಳು ಅಂತ ನಂಗೂ ಗೊತ್ತು. ಆದ್ರೆ ಒಂದು ವೇಳೆ ನಿಜ ಆಗ್ಬಿಟ್ರೆ? ನಾನು ಎದ್ದು ಹೋಗಿದ್ದಕ್ಕೇ ಹೋಯ್ತು ಅಂತ ಆಗ್ಬಿಟ್ರೆ? ಇದೊಂದೇ ಉಳಿದಿದ್ದು ಸಿಸ್ಟರ್. ನೋವು ಬಂತು ಅಂದ್ರೆ ಹೋಯ್ತು ಅಂತಾನಾ?”

ಹುಡುಗಿಯರೇ, ಇಂಥ ಕಡೆ ಸುಳ್ಳು ಧೈರ್ಯ ಹೇಳಲು ನಾಲಿಗೆ ತುರಿಸುತ್ತದೆ. ಹೇಳಬೇಡಿ. ನಾನು ಅಂದೆ: “ನೋವು ಬಂದ ಮಾತ್ರಕ್ಕೆ ಹೋಯ್ತು ಅಂತಲ್ಲ. ಬರದಿದ್ದ ಮಾತ್ರಕ್ಕೆ ನಿಂತಿತು ಅಂತಲೂ ಅಲ್ಲ. ಅದು ರಕ್ತಪರೀಕ್ಷೆಯಲ್ಲೇ ಗೊತ್ತಾಗೋದು. ಆದರೆ ನೀನು ಮೂತ್ರಕ್ಕೆ ಹೋದರೆ ಅದರ ಜೊತೆ ಭ್ರೂಣ ಹೊರಗೆ ಬರೋದಿಲ್ಲ. ಅದಂತೂ ನಿಜ.”

ಹೊಟ್ಟೆ ಮುಟ್ಟಿದೆ. ಗೇಟು ಮುಚ್ಚಿದ ಗೊರೂರು ಡ್ಯಾಮು. ಒಳಹರಿವು ಎಳನೀರಿನ ರೂಪದಲ್ಲಿ ಭರ್ಜರಿ, ಹೊರಹರಿವಿಗೆ ನಿಷೇಧ. ಅವಳೆದುರೇ ಹಾಸನದ ಡಾಕ್ಟರಿಗೆ ಫೋನ್ ಮಾಡಿದೆ. ಆಕೆ ನಾನು ಕೇಳಿದ್ದನ್ನೆಲ್ಲ ಮತ್ತೊಮ್ಮೆ ಕೇಳಿದರು. ಭ್ರೂಣ ಇಟ್ಟ ಮೇಲೆ ಸಣ್ಣಗೆ ಹಿಂಡಿದ ಹಾಗೆ ನೋಯುವುದು, ಹೊಟ್ಟೆ ಉಬ್ಬರ ಅನೇಕರಿಗೆ ಬರುತ್ತದೆ. ಗರ್ಭ ನಿಲ್ಲಲೆಂದು ಕೊಡುವ ಹಾರ್ಮೋನಿನಿಂದಲೇ ಮಲಬದ್ಧತೆಯೂ ಆಗುತ್ತದೆ ಎಂದರು. ಆಮೇಲೆ ನಾನು ಮೂತ್ರದ ಸಂಗತಿ ಹೇಳಿದೆ. ಆಕೆ ಅದನ್ನು ನನ್ನಿಂದ ಎರಡು ಸಲ ಹೇಳಿಸಿದರು. “ಸಿಸ್ಟರ್,” ಎಂದರು ಕೊನೆಗೆ, “ಮೊದಲು ಆಕೆಯನ್ನು ಎಬ್ಬಿಸಿ ಬಚ್ಚಲಿಗೆ ಕಳಿಸಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.”

ಅಷ್ಟರಲ್ಲಿ ಬಾಗಿಲು ದಡಬಡ. ಇಲ್ಲದ ದನವನ್ನು ಓಡಿಸಿಕೊಂಡು ದೇವೀರಮ್ಮ ವಾಪಸಾಗಿದ್ದಳು. ಬಾಗಿಲು ತೆಗೆದರೆ ಪವಿತ್ರ ಮಂಚದ ಅಂಚಿಗೆ ಕೂತಿದ್ದಾಳೆ, ಕಾಲು ನೆಲಕ್ಕೆ ತಾಗಿದೆ. ದೇವೀರಮ್ಮ ಬಚ್ಚಲ ದಾರಿಗೆ ಅಡ್ಡ ನಿಂತಳು, ಸೊಂಟಕ್ಕೆ ಕೈ.

“ಎದ್ರೆ ನನ್ ಹೆಣ ದಾಟ್ಕಂಡು ಹೋಗು!”

“ಅತ್ತೆ, ದಮ್ಮಯ್ಯ.”

“ಅವ್ವ, ಡಾಕ್ಟ್ರೇ ಹೇಳವ್ರಂತೆ ಕಣವ್ವ.” ಇದು ಲೋಕೇಶ.

“ಡಾಕ್ಟ್ರು ಎಷ್ಟ್ ಸಸಿ ಎಬ್ಸವ್ರೆ ಕೇಳೋ!”

ಗರ್ಭಕೋಶ ಬೇರೆ, ಮೂತ್ರಕೋಶ ಬೇರೆ, ಸ್ಟೋರು ಬೇರೆ ಲೈನ್ ಮನೆ ಬೇರೆ ಇದ್ದ ಹಾಗೆ ಎಂದು ನಾನು ವಿವರಿಸಿದೆ. ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರವನ್ನೂ ಬರೆದೆ. ದೇವೀರಮ್ಮ ಅದನ್ನು ನೋಡಿ, ಗೋಡೆ ಹಾಳಾಯ್ತು ಎಂದಳು. ಇಲಾಖೆ ಕೊಟ್ಟ ತರಬೇತಿಯೆಲ್ಲ ಅಲ್ಲಿಗೆ ಮುಗಿಯಿತು. ಪವಿತ್ರ ಎರಡೂ ಮೊಣಕಾಲು ಜೋಡಿಸಿಕೊಂಡು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕಿಟಕಿಯ ಬಲೆಯಾಚೆ ಚಪ್ಪರದ ಕೆಳಗೆ ಕವರುಗಳ ಸಾಲು ಕಾಣುತ್ತಿತ್ತು.

“ದೇವೀರಮ್ಮಾರೇ, ಒಂದ್ ಮಾತು. ಆ ಕವರು ತಂದ ಮೇಲೆ ಮಣ್ಣು ತುಂಬೋ ಮುಂಚೆ ಏನ್ ನೋಡ್ತೀರಿ?”

“ಏನ್ ನೋಡ್ತಾರೆ? ಕೆಳಗೆ ತೂತು ಐತಾ ಅಂತ ನೋಡ್ತಾರೆ.”

“ಇಲ್ಲದಿದ್ರೆ?”

“ಇಲ್ದಿದ್ರೆ ನಾವೇ ಹೊಡೀಬೇಕು. ಅದೂ ಗೊತ್ತಿಲ್ವಾ ನಿಂಗೆ? ನೀರು ನಿಂತ್ಕಂಡ್ರೆ ಬೇರು ಕೊಳ್ತು ಸಸಿ ಸತ್ತೋಯ್ತ...”

ಅಲ್ಲಿಗೆ ನಿಲ್ಲಿಸಿದಳು. ಕವರುಗಳನ್ನು ನೋಡಿದಳು. ಎಳನೀರಿನ ಬುರುಡೆಗಳನ್ನು ನೋಡಿದಳು. ಆಮೇಲೆ ಸೊಸೆಯ ಹೊಟ್ಟೆಯನ್ನು ನೋಡಿದಳು. ಅವಳ ಮುಖದಲ್ಲಿ ಆಗ ಕಂಡ ಗಾಬರಿ ನಿಜವಾದ ಗಾಬರಿ. ಅದನ್ನು ನೋಡಿ ನನಗೆ ನಗು ಬರಲಿಲ್ಲ.

“ಅಯ್ಯೋ ನನ್ನವ್ವ! ಇನ್ನೂ ಕೂತಿದೀಯಲ್ಲೇ ಪವಿತ್ರ, ಎದ್ದೋಗೇ! ಬೇಗ ಹೋಗೇ!” ಎಂದು ತಾನೇ ರಟ್ಟೆ ಹಿಡಿದು ಎಬ್ಬಿಸಿಕೊಂಡು ಓಡಿದಳು.

ಬಚ್ಚಲ ಬಾಗಿಲು ಮುಚ್ಚಿತು. ಹೊರಗೆ ದೇವೀರಮ್ಮ, ಲೋಕೇಶ, ನಾನು, ಅಂಗಳದಲ್ಲಿ ರಫೀಕ್ ಎಲ್ಲರೂ ಶ್ರದ್ಧೆಯಿಂದ ನಿಂತೆವು. ಬಹಳ ಹೊತ್ತು ನಿಂತೆವು. ರಾಷ್ಟ್ರಗೀತೆಗೂ ಇಷ್ಟು ಶಿಸ್ತಾಗಿ ನಿಂತದ್ದು ನೆನಪಿಲ್ಲ. ಪವಿತ್ರ ಹೊರಬಂದಾಗ ಮುಖಕ್ಕೆ ಬಣ್ಣ ಬಂದಿತ್ತು. “ನೋವು ಮುಕ್ಕಾಲು ಇಳೀತು,” ಎಂದಳು. ದೇವೀರಮ್ಮ ಮೆಲ್ಲಗೆ ಒಳಗೆ ಹೋಗಿ ಬಚ್ಚಲ ನೆಲವನ್ನು ಇಣುಕಿ ನೋಡಿ ಬಂದಳು. ಏನೂ ಬಿದ್ದಿರಲಿಲ್ಲ.

ಆಮೇಲೆ ಡಾಕ್ಟರು ಹೇಳಿದ್ದಿಷ್ಟು: ಮೂತ್ರ ತಡೆದಿದ್ದರಿಂದ ಸೋಂಕು ಆಗಿರಬಹುದು, ಪರೀಕ್ಷೆ ಮಾಡಿಸಿ. ಮನೆಯೊಳಗೆ ಓಡಾಡಲಿ, ಇಟ್ಟಿಗೆ ತೆಗೆಯಿರಿ. ಬರೆದುಕೊಟ್ಟ ಔಷಧ ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು. ನೋವು ಜೋರಾದರೆ, ಜ್ವರ, ರಕ್ತಸ್ರಾವ, ಉಬ್ಬಸ ಬಂದರೆ, ಹೊಟ್ಟೆ ಊದಿ ಮೂತ್ರ ಕಡಿಮೆಯಾದರೆ ಫೋನಿಗೂ ಕಾಯದೆ ಹೊರಟು ಬನ್ನಿ. ಹೊಸಬರಾದ ನೀವೂ ಈ ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ. ಈ ಕಥೆಯಲ್ಲಿ ನಗುವುದಕ್ಕೆ ಅವಕಾಶವಾದದ್ದು ಅವು ಯಾವುವೂ ಅಂದು ಇಲ್ಲದ್ದರಿಂದ.

ಮೂತ್ರಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ದೇವೀರಮ್ಮ ಸೋಲೊಪ್ಪಲಿಲ್ಲ, ಶಿಸ್ತನ್ನು ಬದಲಿಸಿದಳು. ಸೊಸೆ ದಿನಕ್ಕೆರಡು ಸಲ ಅಂಗಳದಲ್ಲಿ ನಡೆಯಬೇಕು, ಮೇಲೆ ಕೊಡೆ ಹಿಡಿದು ಅತ್ತೆ. ಎಳೆಯ ಸಸಿಗೆ ನೇರ ಬಿಸಿಲು ಆಗದು. ಮಧ್ಯೆ ಮಧ್ಯೆ ಊರೆಲ್ಲ ಕೇಳುವಂತೆ, “ಒಂದಕ್ಕ್ ಬಂತೇನೇ? ಬಂದ್ರೆ ತಡೀಬ್ಯಾಡ!” ಎಂದು ವಿಚಾರಣೆ. ಇದಕ್ಕಿಂತ ಬೆಡ್‌ಪ್ಯಾನೇ ಮರ್ಯಾದೆಯಾಗಿತ್ತು ಎಂದು ಪವಿತ್ರ ನನ್ನಲ್ಲಿ ದೂರಿದಳು.

ರಕ್ತಪರೀಕ್ಷೆಯ ದಿನ ನನ್ನನ್ನೂ ಹಾಸನಕ್ಕೆ ಕರೆದುಕೊಂಡು ಹೋದರು. ರಫೀಕ್ ಅಭ್ಯಾಸಬಲದಿಂದ ಫಸ್ಟ್ ಗೇರಿನಲ್ಲೇ ಹೊರಟ. ಆನೇಮಹಲ್ ಬರುವ ಮೊದಲೇ ದೇವೀರಮ್ಮ ಅವನ ಬೆನ್ನು ತಿವಿದಳು: “ಏನ್ ಮಾರಾಯ, ಹೆಣ ಹೊತ್ಕಂಡ್ ಹೋದಂಗ್ ಓಡಿಸ್ತೀಯಲ್ಲೋ.” ಹಾಸನದ ಹತ್ತಿರ ಬಂದಾಗ ನೋಡುತ್ತೇನೆ, ದೇವೀರಮ್ಮ ಒಂದು ಕೈಯಲ್ಲಿ ಸೊಸೆಯ ಕೈ ಹಿಡಿದಿದ್ದಳು, ಇನ್ನೊಂದರಲ್ಲಿ ನನ್ನದು. ಮರೆತು ಹಿಡಿದದ್ದಿರಬೇಕು. ನಾನು ನೆನಪು ಮಾಡಲಿಲ್ಲ.

ಪರೀಕ್ಷೆಯಲ್ಲಿ ಗರ್ಭ ನಿಂತಿರುವುದಾಗಿ ಬಂತು. ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು. ಮಗು ಈಗ ಅಂಗನವಾಡಿಗೆ ಹೋಗುತ್ತಿದೆ.